ಬಳ್ಳಾರಿಯ ನೀರು, ಕಡಲಿನ ಉಪ್ಪು

ಬಳ್ಳಾರಿ ಸೀಮೆಗೆ ಕಡಲಿಲ್ಲ; ಆದರೆ ಉಪ್ಪಿನ ಪರಿಚಯ ಕಡಲತೀರದವರಿಗಿರುವಷ್ಟೇ ಉಂಟು. ಹಂಡೆಯ ಒಳಮೈಗೆ ಹತ್ತುವ ಬಿಳಿಯ ಪೊರೆ, ಎಷ್ಟು ತಿಕ್ಕಿದರೂ ನೊರೆಯೇಳದ ಸಾಬೂನು, ಎಷ್ಟು ಹೊತ್ತಾದರೂ ಬೇಯದ ತೊಗರಿಬೇಳೆ - ಕೊಳವೆಬಾವಿಯ ಗಡಸು ನೀರಿನ ಈ ಲಕ್ಷಣಗಳನ್ನು ಇಲ್ಲಿನ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಡಿಯುವ ನೀರಿನ ಕೊಡವೇ ಬೇರೆ, ಬಳಸುವ ನೀರಿನ ಕೊಡವೇ ಬೇರೆ ಎಂಬುದು ಅನೇಕ ಮನೆಗಳ ಹಳೆಯ ಕಟ್ಟಳೆ.

ಈ ಕಟ್ಟಳೆ ಈಗ ಒಂದು ಹೊಸ ಕೆಲಸಕ್ಕೂ ಒದಗುತ್ತದೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರದ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಕಡಲಾಳದಲ್ಲಿ ಮೀನುಗಳ ನಡುವೆ ಈಜಿ ಬರುವ ಹವ್ಯಾಸ ಒಳನಾಡಿನ ತರುಣರಿಗೂ ಹಿಡಿದಿದೆ. ಹೆಚ್ಚಿನವರು ಸಲಕರಣೆಗಳನ್ನು ಬಾಡಿಗೆಗೆ ಪಡೆಯುತ್ತಾರೆ. ಸ್ವಂತ ಸಲಕರಣೆ ಕೊಂಡವನು ಮಾತ್ರ ಊರಿಗೆ ಮರಳಿ ಅದನ್ನು ನಲ್ಲಿಯ ಕೆಳಗೆ ತೊಳೆಯಲೇಬೇಕು.

ಮುಳುಗುವವನ ಉಸಿರೆಲ್ಲ ‘ರೆಗ್ಯುಲೇಟರ್’ ಎಂಬ ವಾಯುನಿಯಂತ್ರಕದ ವಶ. ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ಇದನ್ನು ಬಳಕೆಗೆ ತಂದರು. ಉಸಿರೆಳೆದಾಗ ಬೇಕಾದಷ್ಟೇ ಗಾಳಿ ಬಿಡುವ ಇದರ ಕವಾಟಗಳು ಬಹು ಸೂಕ್ಷ್ಮ. ಕಡಲ ನೀರು ಒಣಗಿದರೆ ಉಪ್ಪು ಹರಳುಗಟ್ಟಿ ಲೋಹವನ್ನು ತಿನ್ನುತ್ತದೆ, ರಬ್ಬರನ್ನು ಸವೆಸುತ್ತದೆ, ಕವಾಟವನ್ನು ಬಿಗಿಸುತ್ತದೆ. ಮನೆಯ ನಲ್ಲಿ ಕೆಟ್ಟರೆ ನೀರು ಸೋರೀತು. ಇದು ಕೆಟ್ಟರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಗಡಸು ನೀರಿನಲ್ಲಿ ತೊಳೆಯಬಹುದೆ? ಲೆಕ್ಕವೇ ಉತ್ತರ ಹೇಳುತ್ತದೆ. ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವುಂಟು. ಬೇರೆ ನೀರು ಸಿಕ್ಕದ ಕಡೆ ಕುಡಿಯಲು ಭಾರತೀಯ ಮಾನಕವು ಒಪ್ಪುವ ಕಡೆಯ ಮಿತಿ ಲೀಟರಿಗೆ 2 ಗ್ರಾಂ. ಆದ್ದರಿಂದ ಗಡಸು ನೀರಾದರೂ ಸರಿ, ತೊಳೆಯದೆ ಬಿಡುವುದಕ್ಕಿಂತ ಎಷ್ಟೋ ಮೇಲು.

ತೊಯ್ದ ಸಲಕರಣೆಗಳಲ್ಲಿ ಅರ್ಧ ಲೀಟರು ಕಡಲ ನೀರು ಉಳಿದಿದೆಯೆಂದು ಎಣಿಸೋಣ. 20 ಲೀಟರಿನಲ್ಲಿ ಒಂದೇ ಬಾರಿ ಅದ್ದಿ ತೆಗೆದರೆ ಅರ್ಧ ಗ್ರಾಮಿನ ಸಮೀಪ ಕಡಲುಪ್ಪು ಅಂಟಿ ಉಳಿಯುತ್ತದೆ. ಅಷ್ಟೇ ನೀರನ್ನು ಹತ್ತು ಹತ್ತು ಲೀಟರಾಗಿ ಎರಡು ಬಕೆಟ್ಟಿಗೆ ಹಂಚಿ ಎರಡು ಬಾರಿ ಅದ್ದಿದರೆ ಉಳಿಯುವುದು ಅದರ ಹತ್ತನೆಯ ಒಂದು ಪಾಲು. ಆದರೆ ತೊಳೆದ ನೀರೇ ಲೀಟರಿಗೆ 2 ಗ್ರಾಮಿನದಾದರೆ, ಅದು ಒಣಗಿದಾಗ ಒಂದು ಗ್ರಾಂ ಲವಣವನ್ನು ತಾನೇ ಬಿಟ್ಟುಹೋಗುತ್ತದೆ. ಅದರಲ್ಲಿನ ಸುಣ್ಣ ಮತ್ತೆ ನೀರು ಸುರಿದರೂ ಸುಲಭವಾಗಿ ಕರಗದು. ಮೊದಲ ನೀರು ಯಾವುದಾದರೂ ಆಗಲಿ, ಕೊನೆಯ ನೀರು ಒಳ್ಳೆಯದಾಗಿರಬೇಕು.

ಈ ಒಳ್ಳೆಯ ನೀರು ಎಲ್ಲಿಯದು? ಬಳ್ಳಾರಿಯ ಗುಡ್ಡದ ಮೇಲಿನ ಕೋಟೆಯಲ್ಲಿ ಬಂಡೆಗಳ ಸಂದಿನಲ್ಲಿ ಮಳೆನೀರು ಹಿಡಿಯುವ ಕೊಳಗಳಿವೆ. ಮಣ್ಣಿಗಿಳಿಯದ ಮಳೆನೀರಿಗೆ ಸುಣ್ಣದ ಸೋಂಕು ಕಡಿಮೆ. ದೊಡ್ಡಬಸವೇಶ್ವರನ ಬೃಹತ್ ನಂದಿಯಿಂದ ಹೆಸರಾದ ಕುರುಗೋಡಿನಂತಹ ಕಲ್ಲುಗುಡ್ಡಗಳ ಊರಿನಲ್ಲಿಯೂ, ಮೊದಲ ಮಳೆಗೆ ಧೂಳು ತೊಳೆದುಹೋದ ಮೇಲೆ ಮಾಳಿಗೆಯಿಂದ ಹಿಡಿದ ನಾಲ್ಕು ಕೊಡ ಇಂತಹ ಕೆಲಸಕ್ಕೆ ಬಲು ಶ್ರೇಷ್ಠ. ಮಳೆಯಿಲ್ಲದ ದಿನಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಐದಾರು ಲೀಟರು ಸಾಕು. ತುಂಗಭದ್ರೆಯ ಕಾಲುವೆ ನೀರು ಕೊಳವೆಬಾವಿಯದಕ್ಕಿಂತ ಮೆದುವಾದರೂ ಮಳೆಗಾಲದಲ್ಲಿ ಕೆಂಪಗೆ ಕದಡಿರುತ್ತದೆ. ಪಟಿಕ ಆಡಿಸಿ, ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸದೆ ಅದನ್ನು ಬಳಸಬಾರದು. ಸಣ್ಣ ಮರಳೂ ಕವಾಟಕ್ಕೆ ಶತ್ರು. ಬಾಯಿಗೆ ಕಚ್ಚುವ ಭಾಗಕ್ಕಂತೂ ಕುದಿಸಿ ಆರಿಸಿದ ನೀರೇ ಆಗಬೇಕು.

ಉತ್ತರಕ್ಕೆ ಸಿರುಗುಪ್ಪದ ಗದ್ದೆಗಳು ಇದೇ ಪಾಠದ ಮತ್ತೊಂದು ಅಧ್ಯಾಯ. ಅಣೆಕಟ್ಟಿನ ನೀರು ಬಂದು ಕರಿನೆಲ ಭತ್ತದ ಕಣಜವಾಯಿತು. ನೀರು ಬಸಿದುಹೋಗದೆ ನಿಂತ ಕಡೆ ಮಾತ್ರ ನೆಲದಾಳದ ಲವಣ ಮೇಲೇರಿ, ಬಿಳಿಯ ಸವಳಾಗಿ ಪೈರನ್ನು ನುಂಗಿತು. ಅಂತಹ ಹೊಲಕ್ಕೆ ನೀರು ಹಾಯಿಸಿದರಷ್ಟೇ ಸಾಲದು. ಬಸಿಗಾಲುವೆ ತೋಡಿ ಉಪ್ಪುನೀರನ್ನು ಹೊರಗೆ ಕಳುಹಿಸಬೇಕು. ಮುಳುಗುವವನು ತೊಡುವ ತೇಲುಜಾಕೀಟಿನ ಕಥೆಯೂ ಅಷ್ಟೇ. ಅದರ ಒಳಚೀಲಕ್ಕೆ ನೀರು ತುಂಬಿ, ಕುಲುಕಿ, ತಲೆಕೆಳಗೆ ಹಿಡಿದು ಕೊನೆಯ ಹನಿಯವರೆಗೂ ಬಸಿಯದಿದ್ದರೆ ಉಪ್ಪು ಒಳಗೇ ಮನೆಮಾಡುತ್ತದೆ.

ಇನ್ನುಳಿದದ್ದು ಎಚ್ಚರಿಕೆಯ ಮಾತು. ಅದ್ದುವ ಮುನ್ನ ವಾಯುನಿಯಂತ್ರಕದ ಬಾಯಿಯನ್ನು ಒಣಗಿಸಿ ಮುಚ್ಚಳ ಬಿಗಿಯಬೇಕು. ನೀರಿನಲ್ಲಿದ್ದಾಗ ಅದರ ಗುಂಡಿ ಒತ್ತಿದರೆ ನೀರು ಒಳಹೊಗುತ್ತದೆ. ತಾಮ್ರದ ಕೊಡಕ್ಕೆ ಹಚ್ಚುವ ಹುಣಸೆಹಣ್ಣು ಇದಕ್ಕೆ ಸಲ್ಲದು. ಕಟ್ಟಿದ ಸುಣ್ಣವನ್ನು ತೆಗೆಯುವ ಕೆಲಸ ಬಲ್ಲ ಕುಶಲಿಗನದು. ಒಣಗಿಸುವುದು ನೆರಳಿನಲ್ಲಿ, ಬಳ್ಳಾರಿಯ ಬಿಸಿಲು ರಬ್ಬರಿಗೆ ಬಂಧುವಲ್ಲ. ಮೊದಲ ಬಕೆಟ್ಟಿನ ಉಪ್ಪುನೀರು ಬಚ್ಚಲಿಗೆ. ಕೊನೆಯ ಬಕೆಟ್ಟಿನದನ್ನು ನಿಶ್ಚಿಂತೆಯಿಂದ ತುಳಸಿಗೆ ಹಾಕಬಹುದು.