ಒಂದು ಪವನಿನ ಗುಂಡು

ಅಂಗಡಿಯಲ್ಲಿ ಕುಳಿತು ಸೀರೆ ಆರಿಸಿದ್ದೇನೆ, ಚಿನ್ನ ಆರಿಸಿದ್ದೇನೆ, ಮಗಳಿಗೆ ಗಂಡನನ್ನು ಆರಿಸಿದ್ದರಲ್ಲೂ ನನ್ನ ಪಾಲು ಸ್ವಲ್ಪ ಉಂಟೆಂಬ ಹೆಮ್ಮೆ ನನ್ನದು. ಆದರೆ 66ನೇ ವಯಸ್ಸಿನಲ್ಲಿ ಮಗಳ ಪಕ್ಕ ನಿಂತು ಪಿಸ್ತೂಲಿನ ಗುಂಡು ಆರಿಸುವ ದಿನ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅದು 2023ರ ಚಳಿಗಾಲ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸ್ ಹತ್ತಿರದ ಊರೊಂದರಲ್ಲಿ ಮಗಳ ಮನೆ. ಅಳಿಯನಿಗೆ ತಿಂಗಳಲ್ಲಿ ಹತ್ತು ದಿನ ಊರೂರು ತಿರುಗುವ ಕೆಲಸ. ಆಗ ಮನೆಯಲ್ಲಿ ಮಗಳು, ಐದು ವರ್ಷದ ಮೊಮ್ಮಗ, ಜೊತೆಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದ ನಾನು. ಒಂದು ರಾತ್ರಿ ಹಿಂದಿನ ಬೀದಿಯ ಮನೆಗೆ ಕಳ್ಳರು ನುಗ್ಗಿದರು. ಅದೂ ಮನೆಯವರು ಒಳಗೆ ಮಲಗಿದ್ದಾಗಲೇ. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆಂಬುದು ಅಲ್ಲಿನ ಕಳ್ಳರಿಗೂ ಗೊತ್ತು. ಆ ಮೇಲೆ ಮಗಳಿಗೆ ನಿದ್ದೆ ಇಲ್ಲ. ನಾಲ್ಕು ವಾರ ಕಳೆದ ಮೇಲೆ ಒಂದು ದಿನ ದೋಸೆ ಹೊಯ್ಯುತ್ತಾ ಹೇಳಿದಳು: "ಅಮ್ಮಾ, ಪಿಸ್ತೂಲು ತೆಗೆದುಕೊಂಡಾಯಿತು. ನಾಳೆ ಮಗುವನ್ನು ಶಾಲೆಗೆ ಬಿಟ್ಟು ಗುಂಡು ತರಲಿಕ್ಕೆ ಹೋಗುವ. ನೀನೂ ಬಾ."

ನಾನು ಬೆಚ್ಚಿಬೀಳಲಿಲ್ಲ. ಕೋವಿ ಇದ್ದ ಮನೆಯಲ್ಲೇ ಬೆಳೆದವಳು ನಾನು. ಸುಳ್ಯದ ಕಡೆಯ ನನ್ನ ತವರುಮನೆಯಲ್ಲಿ ಅಡಿಕೆ ತೋಟಕ್ಕೆ ಮಂಗ, ಹಂದಿಗಳ ಕಾಟ. ಅಪ್ಪನ ಒಂಟಿ ನಳಿಗೆಯ ಕೋವಿ ಚಾವಡಿಯ ಗೋಡೆಯಲ್ಲಿ ತೂಗುತ್ತಿತ್ತು. ತೋಟೆಗಳು ಮಾತ್ರ ಒಳಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಬೀಗದ ಕೈ ಅಮ್ಮನ ಸೊಂಟದಲ್ಲಿ. ಅಪ್ಪನಿಗೆ ಎಷ್ಟೇ ಸಿಟ್ಟು ಬಂದರೂ ಕೋವಿಗೂ ತೋಟೆಗೂ ನಡುವೆ ಅಮ್ಮ ಇದ್ದಳು. ಲೈಸೆನ್ಸ್ ಪುಸ್ತಕದಲ್ಲಿ ಕೊಂಡ ತೋಟೆಯ ಲೆಕ್ಕ ಬರೆಸಬೇಕು. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಅಪ್ಪ ನಮಗೆ ಹೇಳುತ್ತಿದ್ದುದು ಒಂದೇ ಮಾತು: "ಈಡು ಎಲ್ಲಿ ಹೋಗಿ ನಿಲ್ಲುತ್ತದೆಂದು ಗೊತ್ತಿಲ್ಲದವನು ಕೋವಿ ಎತ್ತಬಾರದು."

ಅಂಗಡಿಗೆ ಹೋದೆವು. ಕಪಾಟಿನ ತುಂಬ ಗುಂಡಿನ ಪೆಟ್ಟಿಗೆಗಳು, ನಮ್ಮ ಪೇಟೆಯಲ್ಲಿ ಊದುಬತ್ತಿ ಜೋಡಿಸಿಟ್ಟ ಹಾಗೆ. ಅಲ್ಲಿ ಪಿಸ್ತೂಲಿನ ಗುಂಡು ಮಾರುವ ವ್ಯಾಪಾರಿ ಕೊಳ್ಳುವವರಿಗೆ 21 ವರ್ಷ ತುಂಬಿದೆಯೇ ಎಂದು ನೋಡಬೇಕು. ಮಗಳು ಗ್ರೀನ್ ಕಾರ್ಡಿನವಳಾದ್ದರಿಂದ ಅವಳಿಗೆ ಅಡ್ಡಿಯಿಲ್ಲ. ನನ್ನ ಹಾಗೆ ಸಂದರ್ಶಕರ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ನಾನು ಕೈಕಟ್ಟಿ ನಿಂತೆ.

ಅಂಗಡಿಯ ಮುದುಕ ತಾಳ್ಮೆಯವನು. ಮಗಳದು 9 ಮಿಲಿಮೀಟರಿನ ಪಿಸ್ತೂಲು. ಅದಕ್ಕೆ ಮುಖ್ಯವಾಗಿ ಎರಡು ಬಗೆಯ ಗುಂಡು ಎಂದು ಎರಡು ಪೆಟ್ಟಿಗೆ ಇಟ್ಟ. ಒಂದು, ಸೀಸದ ಮೇಲೆ ತಾಮ್ರದ ಕವಚ ತೊಟ್ಟ, ಮೂತಿ ದುಂಡಗಿನ ಗುಂಡು. 50ರ ಪೆಟ್ಟಿಗೆ, ಕ್ರಯ ಕಡಿಮೆ, ಅಭ್ಯಾಸಕ್ಕೆ ಇದೇ. ಇನ್ನೊಂದು, ಮೂತಿಯಲ್ಲಿ ಕುಳಿ ಇರುವ ಟೊಳ್ಳು ಮೂತಿಯ ಗುಂಡು. 20ರ ಪೆಟ್ಟಿಗೆ, ಒಂದೊಂದಕ್ಕೂ ಡಾಲರಿಗಿಂತ ಹೆಚ್ಚು. ಮೊದಲನೆಯದು ತಾಗಿದವನ ಮೈಯನ್ನು ತೂರಿ ಆಚೆಗೂ ಹೋದೀತು. ಎರಡನೆಯದು ಒಳಹೊಕ್ಕೊಡನೆ ಕುಳಿಯ ಅಂಚು ಬಿರಿದು ಅಗಲವಾಗುತ್ತದೆ, ವೇಗ ತಗ್ಗಿ ಅಲ್ಲೇ ನಿಲ್ಲುತ್ತದೆ. ಹಿಂದೆ ನಿಂತವರಿಗೆ ಅಪಾಯ ಕಡಿಮೆ ಎಂಬ ಕಾರಣಕ್ಕೆ ಅಲ್ಲಿನ ಪೊಲೀಸರೂ ಇದನ್ನೇ ಬಳಸುತ್ತಾರೆ.

ಹಾಗೆ ಬಿರಿದು ಬಿದ್ದ ಹಳೆಯ ಗುಂಡೊಂದನ್ನು ಅವನು ನನ್ನ ಅಂಗೈಯಲ್ಲಿಟ್ಟ. ಆರು ಎಸಳು ಬಿಚ್ಚಿದ ಬೆಂಡೋಲೆಯಂತಿತ್ತು. ತೂಕವನ್ನು ಅವರು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಗ್ರೇನ್ ಎಂದರೆ ಕಾಳು. ನಾವು ಗುಲಗಂಜಿಯಲ್ಲಿ ಚಿನ್ನ ತೂಗಿದ ಹಾಗೆ. 115, 124, 147 ಗ್ರೇನಿನವು ಹೆಚ್ಚು ಬಳಕೆಯಲ್ಲಿರುವುವು. ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿ, "124 ಅಂದರೆ ಎಂಟು ಗ್ರಾಂ ಅಮ್ಮ" ಎಂದಳು. ಎಂಟು ಗ್ರಾಂ! ನಮ್ಮ ಕಡೆ ಅದು ಸರಿಯಾಗಿ ಒಂದು ಪವನು. ಪವನಿನ ತೂಕ ನನ್ನ ಕೈಗೆ ಗೊತ್ತು. ಬಿರಿದ ಆ ಸೀಸವನ್ನು ಮುದುಕನಿಗೆ ಬೇಗ ಮರಳಿ ಕೊಟ್ಟೆ.

ಇಂಥ ಗುಂಡಿನ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ. ಇಂದು ಕೊಲ್ಕತ್ತೆಯ ವಿಮಾನ ನಿಲ್ದಾಣ ಇರುವ ಡಮ್ ಡಮ್‌ನ ಕಾರ್ಖಾನೆಯಲ್ಲಿ ಬ್ರಿಟಿಷರು 1890ರ ದಶಕದಲ್ಲಿ ತುದಿಯ ಕವಚ ತೆಗೆದು ಸೀಸ ಕಾಣುವಂತೆ ಮಾಡಿದ ಗುಂಡು ತಯಾರಿಸಿದರು. ಮೈಯೊಳಗೆ ಬಿರಿಯುವ ಆ ಗುಂಡಿಗೆ ಡಮ್ ಡಮ್ ಎಂದೇ ಹೆಸರಾಯಿತು. ಯುದ್ಧದಲ್ಲಿ ಇಂಥದನ್ನು ಬಳಸಬಾರದೆಂದು 1899ರಲ್ಲಿ ಹೇಗ್ ನಗರದ ಸಮ್ಮೇಳನ ಘೋಷಿಸಿತು. ರಣರಂಗಕ್ಕೆ ಕ್ರೂರವೆನಿಸಿದ್ದೇ ಮನೆಯೊಳಗೆ ಜವಾಬ್ದಾರಿಯ ಆಯ್ಕೆ ಎನಿಸಿಕೊಂಡಿದೆ. ವಿಚಿತ್ರವೆಂದರೆ ಎರಡು ಮಾತಿಗೂ ಅದರದರ ಕಾರಣ ಇದೆ.

ಹಾಗಾದರೆ ಗುಂಡು ಎಷ್ಟು ಆಳ ಹೋಗಿ ನಿಲ್ಲಬೇಕು? ಅದಕ್ಕೂ ಲೆಕ್ಕ ಇದೆ. 1986ರಲ್ಲಿ ಮಯಾಮಿಯಲ್ಲಿ ಎಫ್.ಬಿ.ಐ. ಮತ್ತು ಇಬ್ಬರು ದರೋಡೆಕೋರರ ನಡುವೆ ಗುಂಡಿನ ಕಾಳಗ ನಡೆಯಿತು. ಒಬ್ಬನಿಗೆ ಮೊದಲೇ ತಾಗಿದ್ದ ಗುಂಡು ಹೃದಯ ಮುಟ್ಟುವ ಮುನ್ನ ನಿಂತುಬಿಟ್ಟಿತು. ಅವನು ಮತ್ತೂ ಹೋರಾಡಿದ, ಇಬ್ಬರು ಅಧಿಕಾರಿಗಳು ಸತ್ತರು. ಆ ಮೇಲೆ ಅವರು ಗುಂಡುಗಳನ್ನು ಜಿಲೆಟಿನ್ ಗಟ್ಟಿಗೆ ಹೊಡೆದು ಪರೀಕ್ಷಿಸತೊಡಗಿದರು. ನಾವು ಮಾಡುವ ಚೀನಾಗ್ರಾಸಿನ ಹಲ್ವದಂಥ ಗಟ್ಟಿ ಅನ್ನಿ. ಬಟ್ಟೆ ಹೊದಿಸಿ, ಮರದ ಹಲಗೆ ಅಡ್ಡವಿಟ್ಟು, ಗೋಡೆಯ ಹಲಗೆ ಅಡ್ಡವಿಟ್ಟು ಹೊಡೆದರೂ 12ರಿಂದ 18 ಇಂಚಿನೊಳಗೆ ನಿಲ್ಲಬೇಕೆಂಬುದು ಅಳತೆ.

"ಗೋಡೆಯ ಹಲಗೆ" ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಮನೆಗೆ ಬಂದು ಮಗಳ ಕೋಣೆಯ ಗೋಡೆಯನ್ನು ಬೆರಳಿನಿಂದ ಬಡಿದೆ. ಡಬ್ ಡಬ್ ಎಂದಿತು, ಖಾಲಿ ಡಬ್ಬದ ಹಾಗೆ. ತವರಿನ ಮುರಕಲ್ಲಿನ ಗೋಡೆ ಒಂದು ಮೊಳ ದಪ್ಪ. ಇಲ್ಲಿ ಮರದ ಪಟ್ಟಿಗಳ ಎರಡೂ ಬದಿಗೆ ಅರ್ಧ ಇಂಚಿನ ಜಿಪ್ಸಂ ಹಲಗೆ ಹೊಡೆದರೆ ಗೋಡೆಯಾಯಿತು. ಅದರ ಆಚೆ ಮೊಮ್ಮಗನ ಮಂಚ.

"ಟೊಳ್ಳು ಮೂತಿಯ ಗುಂಡು ಈ ಗೋಡೆಯಲ್ಲಿ ನಿಲ್ಲುತ್ತದಾ ಮಗಾ?" ಎಂದು ಕೇಳಿದೆ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಇಲ್ಲಮ್ಮ. ಮೈಗೆ ತಾಗಿದರೆ ಬಿರಿಯುತ್ತದೆ. ಗುರಿ ತಪ್ಪಿ ಗೋಡೆಗೆ ಹೋದರೆ ಕುಳಿಯಲ್ಲಿ ಜಿಪ್ಸಂ ಪುಡಿ ತುಂಬಿಕೊಳ್ಳುತ್ತದಂತೆ. ಆಮೇಲೆ ಅದಕ್ಕೂ ಮಾಮೂಲಿ ಗುಂಡಿಗೂ ವ್ಯತ್ಯಾಸವಿಲ್ಲ. ಎರಡು ಮೂರು ಗೋಡೆ ದಾಟಿ ಹೋದೀತು."

ಎಂದರೆ ಗೋಡೆಗೆ ಹೆದರುವ ಗುಂಡು ಯಾವ ಅಂಗಡಿಯಲ್ಲೂ ಇಲ್ಲ. ಒಳ್ಳೆಯ ಗುಂಡು ಆರಿಸುವುದು ಅರ್ಧ ಕೆಲಸ. ಉಳಿದರ್ಧ ಯಾವ ಕಡೆಗೆ ಹೊಡೆಯಬಾರದು ಎಂಬುದು. ಆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಮನೆಯ ನಕ್ಷೆ ಬರೆದೆವು. ಮಗಳು ತನ್ನ ಮಂಚದಿಂದ ಒಂದೊಂದು ಕಡೆಗೆ ಗೆರೆ ಎಳೆದಳು. ಒಂದು ಗೆರೆ ಮಗುವಿನ ಕೋಣೆಗೆ. ಒಂದು ನಾನು ಮಲಗುವಲ್ಲಿಗೆ. ಇನ್ನೊಂದು ಕಿಟಕಿಯಾಚೆ, ನಾಲ್ಕು ಮಾರು ದೂರದ ನೆರೆಮನೆಗೆ. ಮಗುವಿನ ಕೋಣೆಯ ಬಾಗಿಲಲ್ಲಿ ನಿಂತರೆ ಮಾತ್ರ ಮೆಟ್ಟಿಲಿನ ಕಡೆಗಿನ ಗೆರೆ ಹೊರಗಿನ ಇಟ್ಟಿಗೆ ಗೋಡೆಗೆ ಹೋಗಿ ಮುಟ್ಟುತ್ತಿತ್ತು.

ಹಾಗಾಗಿ ನಿಶ್ಚಯಿಸಿದೆವು: ಸದ್ದಾದರೆ ಹುಡುಕಿಕೊಂಡು ಹೋಗುವುದಿಲ್ಲ. ಎಲ್ಲರೂ ಮಗುವಿನ ಕೋಣೆಗೆ, ಬಾಗಿಲು ಹಾಕಿ 911ಕ್ಕೆ ಫೋನು. ಯಾರೆಂದು ಕೂಗಿ ಕೇಳದೆ, ಕಣ್ಣಾರೆ ನೋಡದೆ ಗುಂಡು ಇಲ್ಲ. ಪಿಸ್ತೂಲಿಗೆ ಗೋಡೆಗೆ ಬಿಗಿದ ಪುಟ್ಟ ಕಬ್ಬಿಣದ ಪೆಟ್ಟಿಗೆ ಬಂತು. ಅಂಕೆ ಒತ್ತಿದರಷ್ಟೇ ತೆರೆಯುವಂಥದು. 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಬಂದೂಕು ಇಡುವುದು ಟೆಕ್ಸಾಸಿನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಬಿಡುತ್ತಿರಲಿಲ್ಲ. ಮಗಳು ವಾರಕ್ಕೊಮ್ಮೆ ಅಭ್ಯಾಸಕ್ಕೆ ಹೋದಳು. ಕೊಂಡ ಗುಂಡು ತನ್ನ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆಯೇ ಎಂದು ಒಂದು ಪೆಟ್ಟಿಗೆಯನ್ನು ಪೂರಾ ಹೊಡೆದು ನೋಡಿದಳು.

ಎರಡು ತಿಂಗಳು ಕಳೆಯಿತು. ಒಂದು ರಾತ್ರಿ ಒಂದೂವರೆ ಗಂಟೆಗೆ ಕೆಳಗೆ ಬಾಗಿಲಿನ ಸದ್ದು. ಅಳಿಯ ಮರುದಿನ ಬರಬೇಕಾದವನು. ಮಗಳು ಬಂದು ನನ್ನನ್ನು ಎಬ್ಬಿಸಿದಾಗ ಅವಳ ಕೈಯಲ್ಲಿ ಪಿಸ್ತೂಲಿತ್ತು, ಬಾಯಿ ನೆಲಕ್ಕೆ. ಮೂವರೂ ಮಗುವಿನ ಕೋಣೆ ಸೇರಿದೆವು. ನಾನು ಮೊಮ್ಮಗನನ್ನು ಎದೆಗವಚಿ ಮಂಚದ ಹಿಂದೆ ಕುಳಿತೆ. ಮೆಟ್ಟಿಲ ಮೇಲೆ ಹೆಜ್ಜೆ. ಮಗಳ ಗಂಟಲಿನಿಂದ ಸ್ವರ ಹೊರಡಲು ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಯುಗ.

"ಯಾರದು?" ಕನ್ನಡದಲ್ಲೇ ಕೂಗಿದಳು.

"ನಾನೇ ಮಾರಾಯ್ತಿ! ಬೇಗದ ವಿಮಾನ ಸಿಕ್ಕಿತು. ಮೆಸೇಜು ಹಾಕಿದ್ದೆನಲ್ಲ?"

ಮೆಸೇಜು ಬಂದಿತ್ತು. ಫೋನು ಸದ್ದಡಗಿಸಿ ಮಲಗಿದ್ದಳು. ಅವಳು ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅಳಿಯ ಕೋಟು ಬಿಚ್ಚದೆ ಪಕ್ಕದಲ್ಲಿ ಕುಳಿತ. ನಾನು ಕೆಳಗಿಳಿದು ಕಾಫಿಗೆ ಇಟ್ಟೆ.

ಮರುದಿನ ಅವಳು ಪಿಸ್ತೂಲನ್ನು ಮಾರಿದಳೆಂದು ಬರೆದರೆ ನಿಮಗೂ ನನಗೂ ಸಮಾಧಾನವಾಗುತ್ತಿತ್ತು. ಮಾರಲಿಲ್ಲ. ಒಂಟಿಯಾಗಿ ಮಗುವಿನೊಡನೆ ಮಲಗುವವಳು ಅವಳು. ಆ ಭಯವನ್ನು ಆರು ತಿಂಗಳ ಅತಿಥಿಯಾದ ನಾನು ಅಳೆಯಬಾರದು. ಆದರೆ ನಕ್ಷೆಯ ಕೆಳಗೆ ಒಂದು ಸಾಲು ಸೇರಿಸಿದಳು: ಬರುವ ಹೊತ್ತು ಬದಲಾದರೆ ಅವರು ವಿಮಾನ ನಿಲ್ದಾಣದಿಂದಲೇ ಫೋನು ಮಾಡಬೇಕು, ಇವಳು ಎತ್ತುವ ತನಕ ಮನೆಯೊಳಗೆ ಕಾಲಿಡಬಾರದು.

ನಾನು ಊರಿಗೆ ಹೊರಡುವ ದಿನ ಆ ಕಾಗದ ಫ್ರಿಜ್ಜಿನ ಬಾಗಿಲ ಮೇಲಿತ್ತು. ಮೊಮ್ಮಗ ಅದರ ಮೂಲೆಯಲ್ಲಿ ಒಂದು ಸೂರ್ಯ ಬರೆದಿದ್ದ.