ಹಲ್ಲು ಹೋದ ಜಾಗ

ನಮ್ಮ ಮೂಡಿಗೆರೆ, ಕಳಸದ ಕಡೆ ಹಲ್ಲುನೋವಿಗೆ ಮೊದಲು ಲವಂಗ, ಆಮೇಲೆ ಮೆಡಿಕಲ್ಲಿನ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಪೇಟೆಗೆ ಹೋಗಿ ಕೀಳಿಸಿಕೊಂಡು ಬರುವುದು. ಮರುದಿನ ಮತ್ತೆ ತೋಟ. ಅಲ್ಲಿಗೆ ಆ ಹಲ್ಲಿನ ಕಥೆ ಮುಗಿಯಿತು ಎಂದು ಎಲ್ಲರ ಲೆಕ್ಕ. ಎದುರಿನ ಹಲ್ಲು ಹೋದರೆ ಮದುವೆ ಮನೆಯಲ್ಲಿ ನಗುವುದು ಹೇಗೆಂದು ಸಾಲ ಮಾಡಿಯಾದರೂ ಕಟ್ಟಿಸಿಕೊಳ್ಳುತ್ತಾರೆ. ದವಡೆ ಹಲ್ಲು ಹೋದರೆ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅಗಿದು ಅರೆಯುವ ಕೆಲಸವೆಲ್ಲ ಅದರದ್ದೇ ಆದರೂ.

ಹಲ್ಲು ಒಂದೊಂದೇ ಹೋದಂತೆ ನನ್ನ ದೊಡ್ಡಮ್ಮನ ತಟ್ಟೆ ವರ್ಷದಿಂದ ವರ್ಷಕ್ಕೆ ಬದಲಾದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಬಿಟ್ಟದ್ದು ಹುರುಳಿಕಾಳು. ಆಮೇಲೆ ಹಲಸಿನ ಬೀಜ, ಮಳೆಗಾಲದ ಕಳಲೆ ಪಲ್ಯ, ಏಡಿ ಸಾರು. ಕೆಂಡದ ಮೇಲೆ ಉಬ್ಬಿಸಿದ ಅಕ್ಕಿ ರೊಟ್ಟಿಯನ್ನು ಬಿಡಲಾರದೆ ಬೆಲ್ಲದ ಕಾಫಿಯಲ್ಲಿ ಅದ್ದಿ, ಮೆತ್ತಗಾದ ಮೇಲೆ ನಾಲಗೆಯಿಂದ ಅಂಗುಳಿಗೆ ಒತ್ತಿ ನುಂಗುತ್ತಿದ್ದರು. ಕೊನೆಗೆ ಉಳಿದದ್ದು ಗಂಜಿ ಮತ್ತು ಬೇಕರಿ ಬನ್ನು. "ವಯಸ್ಸಾಯ್ತಲ್ಲ, ಊಟ ಕಮ್ಮಿಯಾಗಿದೆ" ಎಂದು ಬಂದ ನೆಂಟರೆಲ್ಲ ಹೇಳಿ ಹೋಗುತ್ತಿದ್ದರು. ಹಸಿವು ಕಮ್ಮಿಯಾಗಿರಲಿಲ್ಲ. ಕಾಳು, ಸೊಪ್ಪು, ಮಾಂಸ ಹೋಗಿ ಬರೀ ಪಿಷ್ಟ ಉಳಿದಿತ್ತು. ಮೊದಲೇ ಸಕ್ಕರೆ ಕಾಯಿಲೆ ಇದ್ದವರಿಗೆ ಇಂಥ ಊಟ ಇನ್ನಷ್ಟು ಕೆಡುಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಹಲ್ಲು ಹೋದ ಜಾಗ ಸುಮ್ಮನೆ ಖಾಲಿ ಕೂರುವುದೂ ಇಲ್ಲ. ತೋಟದಲ್ಲಿ ನೆರಳಿನ ಮರವೊಂದು ಬಿದ್ದರೆ ಅಕ್ಕಪಕ್ಕದ ಕೊಂಬೆಗಳು ಬೆಳಕಿನ ಕಡೆಗೆ ಬಾಗುವಂತೆ ಪಕ್ಕದ ಹಲ್ಲುಗಳು ಆ ಸಂದಿಗೆ ವಾಲುತ್ತವೆ. ಕೆಳಗಿನ ಹಲ್ಲು ಹೋಗಿದ್ದರೆ ಅದಕ್ಕೆ ಎದುರಾಗಿದ್ದ ಮೇಲಿನದು ನಿಧಾನವಾಗಿ ಕೆಳಗಿಳಿಯುತ್ತದೆ. ವಾಲಿದ ಸಂದಿಗಳಲ್ಲಿ ಅನ್ನ ಸಿಕ್ಕಿ ಹುಳುಕು ಹಿಡಿಯುತ್ತದೆ, ಒಂದು ಹಲ್ಲಿನ ನಷ್ಟ ಮೂರಾಗುತ್ತದೆ. ಒಳಗೆ ಮೂಳೆಯೂ ಸವೆಯುತ್ತದೆ. ಬೇರಿನ ಮೂಲಕ ಬರುತ್ತಿದ್ದ ಒತ್ತಡ ನಿಂತಿತೆಂದರೆ ದವಡೆಯ ದಿಣ್ಣೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಸುಮಾರು ಅರ್ಧದಷ್ಟು ಇಳಿಯಬಹುದು. ಎಲ್ಲ ಹಲ್ಲೂ ಹೋದವರ ಕೆನ್ನೆ ಒಳಸೇರಿ, ಗಲ್ಲ ಮೂಗಿನ ಹತ್ತಿರ ಬಂದು, ಬಾಯಿಯ ಮೂಲೆಗಳಲ್ಲಿ ಜೊಲ್ಲು ನಿಂತು ಹುಣ್ಣಾಗುವುದು ಇದರಿಂದಲೇ.

ಜಪಾನಿನಲ್ಲಿ 1989ರಿಂದ, 80ನೇ ವಯಸ್ಸಿನಲ್ಲೂ 20 ಹಲ್ಲು ಉಳಿಸಿಕೊಳ್ಳಿ ಎಂಬ ಆಂದೋಲನ ನಡೆದಿದೆ. 20 ಹಲ್ಲಿದ್ದರೆ ಹೆಚ್ಚುಕಮ್ಮಿ ಎಲ್ಲವನ್ನೂ ಅಗಿಯಬಹುದೆಂಬುದು ಅದರ ಲೆಕ್ಕ. ನಮ್ಮ ತೋಟದ ಕೂಲಿಯವರ ಲೈನು ಮನೆಗಳಲ್ಲಿ 50 ದಾಟಿದವರ ಬಾಯಿ ನೋಡಿದಾಗ ನನಗೆ ಸಂಕಟವಾಗುತ್ತದೆ. ಚಳಿಗೆ, ಮಳೆಗೆ, ಹಸಿವಿಗೆ ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು. ಅಡಿಕೆ ಹಲ್ಲನ್ನು ತೇಯುತ್ತದೆ, ಹೊಗೆಸೊಪ್ಪು ವಸಡನ್ನು ತಿನ್ನುತ್ತದೆ. ಎರಡೂ ಕ್ಯಾನ್ಸರಿಗೆ ದಾರಿ. ಅಡಿಕೆಯಿಂದ ಬದುಕುವ ಸೀಮೆಯಲ್ಲಿ ಕೂತು ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಲೇಬೇಕು.

ಹೋದ ಹಲ್ಲು ಕಟ್ಟಿಸಿಕೊಳ್ಳಲು ದಾರಿಗಳಿವೆ. ಅಕ್ಕಪಕ್ಕದ ಹಲ್ಲು ಗಟ್ಟಿಯಾಗಿದ್ದರೆ ಅವನ್ನು ತುಸು ಅರೆದು ಮೇಲೆ ಬ್ರಿಡ್ಜ್ ಕೂರಿಸುತ್ತಾರೆ. ಗಟ್ಟಿ ಹಲ್ಲನ್ನು ಅರೆಯಬೇಕಲ್ಲ ಎಂಬುದೇ ಅದರ ಕೊರತೆ. ಇಂಪ್ಲಾಂಟ್ ಎಂದರೆ ದವಡೆಗೇ ಟೈಟಾನಿಯಂ ತಿರುಪು ಹಾಕುವುದು. ಈ ಲೋಹಕ್ಕೆ ಮೂಳೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಹಲ್ಲು ಕೂರಿಸಿದರು. ಮೂಳೆ ಕರಗುವುದನ್ನೂ ಇಂಪ್ಲಾಂಟ್ ಒಂದು ಮಟ್ಟಿಗೆ ತಡೆಯುತ್ತದೆ. ಬೆಸೆಯಲು ಕೆಲವು ತಿಂಗಳು ಬೇಕು, ಒಂದೊಂದು ಹಲ್ಲಿಗೂ ಹತ್ತಾರು ಸಾವಿರ ರೂಪಾಯಿ. ದಿನಗೂಲಿಯವರಿಗೆ ಉಳಿಯುವುದು ತೆಗೆದು ಹಾಕುವ ಹಲ್ಲಿನ ಸೆಟ್ಟು.

ದೊಡ್ಡಮ್ಮನಿಗೂ ಕೊನೆಗೆ ಅದನ್ನೇ ಮಾಡಿಸಿದೆವು. ಒಮ್ಮೆ ಅಚ್ಚು, ಇನ್ನೊಮ್ಮೆ ಕಚ್ಚಿಸಿ ಅಳತೆ, ಮತ್ತೊಮ್ಮೆ ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು. ಮೇಣದ ಸೆಟ್ಟು ಬಾಯಲ್ಲಿಟ್ಟು ಡಾಕ್ಟರು, "ಐವತ್ತರಿಂದ ಎಣಿಸಿ ಅಮ್ಮ" ಎಂದರು. ಐವತ್ತು, ಐವತ್ತೊಂದು ಎನ್ನುವಾಗ ಕೆಳತುಟಿ ಮೇಲಿನ ಹಲ್ಲಿನ ಅಂಚಿಗೆ ಸರಿಯಾಗಿ ತಾಗುತ್ತದೆಯೇ ಎಂದು ಬಾಗಿ ನೋಡುತ್ತಿದ್ದರು. ದೊಡ್ಡಮ್ಮ ಎಪ್ಪತ್ತರವರೆಗೂ ನಿಲ್ಲಿಸಲಿಲ್ಲ. ಸೆಟ್ಟು ಬಂದ ಮೇಲೆ ವಸಡು ಒತ್ತಿ ಹುಣ್ಣಾಯಿತು, ತೇಯಿಸಲು ಮತ್ತೆ ಹೋಗಬೇಕಾಯಿತು. ಇದು ಎಲ್ಲರಿಗೂ ಆಗುವಂಥದ್ದು. ಹಾಗೆ ಮತ್ತೆ ಹೋಗಲಾಗದವರ ಸೆಟ್ಟುಗಳು ಬಟ್ಟೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತವೆ.

2014ರ ಸುಮಾರಿಗೆ ರಾಜ್ಯ ಸರ್ಕಾರ ತಂದ ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪೂರ್ತಿ ಸೆಟ್ಟು ಉಚಿತ. ದಂತ ಕಾಲೇಜುಗಳ ನೆರವಿನಲ್ಲಿ ನಡೆಯುವ ಒಳ್ಳೆಯ ಯೋಜನೆ. ನಮಗೆ ದಂತ ಕಾಲೇಜೆಂದರೆ ಒಂದೋ ಹಾಸನ, ಇಲ್ಲ ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ಸೆಟ್ಟು ಉಚಿತವಾದರೂ ನಾಲ್ಕೈದು ಸಲದ ಬಸ್ಸು, ಅಷ್ಟೂ ದಿನದ ಕೂಲಿ, ಜೊತೆಗೆ ಬರುವ ಮಗನ ಕೂಲಿ ಉಚಿತವಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಯಾರೂ ತೋಟ ಬಿಡುವುದಿಲ್ಲ. ಮಳೆಗಾಲದಲ್ಲಿ ಘಾಟಿ ಕುಸಿಯುತ್ತದೆ, ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತದೆ. ಹಾಗಾಗಿ ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ಜೂನಿನ ಮಳೆ ಹಿಡಿಯುವವರೆಗಿನ ಎರಡು ತಿಂಗಳಲ್ಲಿ, ಸಂತೆಯ ದಿನ ನೋಡಿಕೊಂಡು, ದಂತ ಚಿಕಿತ್ಸೆಯ ವಾಹನವೇ ಕಳಸಕ್ಕೆ, ಕೊಟ್ಟಿಗೆಹಾರಕ್ಕೆ ಬರಬೇಕು. ಡಾಕ್ಟರ ಜೊತೆ ಸೆಟ್ಟು ಮಾಡುವ ಲ್ಯಾಬಿನವರೂ ಬರಬೇಕು. ಬಾಯಿಯಿಂದ ತೆಗೆದ ಅಚ್ಚಿಗೆ ಬೇಗ ಪ್ಲಾಸ್ಟರ್ ಸುರಿಯದಿದ್ದರೆ ಅದು ಒಣಗಿ ಕುಗ್ಗುತ್ತದೆ, ಹಾಸನ ಮುಟ್ಟುವವರೆಗೆ ಕಾಯುವುದಿಲ್ಲ.