ಹಬ್ಶಿ ಕೋಟ್ ಮತ್ತು ಗಿರಿಜಾ ಸಿದ್ದಿ

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ ದಾಟಿ ಬೀದರಿಗೆ ಹೋದರೆ ಊರಾಚೆಯ ಗುಡ್ಡದ ಮೇಲೆ ಹಬ್ಶಿ ಕೋಟ್ ಇದೆ. ಬಹಮನಿ ದರಬಾರಿನಲ್ಲಿ ಮೇಲೇರಿದ ಆಫ್ರಿಕಾ ಮೂಲದ ಸರದಾರರ ಗೋರಿಗಳು ಅಲ್ಲಿವೆ.

ಉತ್ತರ ಕನ್ನಡದ ಸಿದ್ದಿಗಳೂ ಆಫ್ರಿಕಾ ಮೂಲದವರೇ, ಆದರೆ ಅವರು ಬಂದ ದಾರಿಯೇ ಬೇರೆ. ಅವರಲ್ಲಿ ಬಹಳಷ್ಟು ಜನರ ಹಿರಿಯರು ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಆ ಸಮುದಾಯದ ಗಿರಿಜಾ ಸಿದ್ದಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ಪಳಗಿದ ನಟಿ, ಗಾಯಕಿ. 2021ರ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನಿಂದ ಅವರ ಮತ್ತು ಗೀತಾ ಸಿದ್ದಿಯವರ ಗಟ್ಟಿ ದನಿ ನಾಡಿಗೆಲ್ಲ ಮುಟ್ಟಿತು.

ಒಂದೇ ಹಾಡಿಗೆ ಅವರನ್ನು ಕಟ್ಟಿಹಾಕುವುದು ಅನ್ಯಾಯ. ಸಿದ್ದಿಗಳ ರಂಗನಂಟು ಈ ಸಿನಿಮಾಕ್ಕಿಂತ ಹಳೆಯದು: ನೈಜೀರಿಯಾದ ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ರಂಗನಿರ್ದೇಶಕ ಚಿದಂಬರರಾವ್ ಜಂಬೆ ಸಿದ್ದಿ ನಟರಿಂದಲೇ ಆಡಿಸಿದ್ದರು.